ಪೋಲೋದಲ್ಲಿ ತಿರುವಿಗೆ ಹೊತ್ತುವ ಫಾಗ್ ಲೈಟ್: ಕೋಡಿಂಗ್ ಮಾಡಿದೆ, ಹೊತ್ತಲಿಲ್ಲ. ಯಾಕೆ?

ಘಾಟಿಸವಾರ (ಮೂಡಿಗೆರೆ), ಶನಿವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದೇ ತಲೆನೋವು, ಯಾರಾದರೂ ದಾರಿ ತೋರಿಸಿ.

ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೋ ಪೆಟ್ರೋಲ್, ಮಧ್ಯದ ವೇರಿಯಂಟ್. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡೆ. ತಿಂಗಳಿಗೆ ಎರಡು ಸಲವಾದರೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಬೇಕು, ಅಮ್ಮನ ಚೆಕಪ್ ಮಂಗಳೂರಿನಲ್ಲಿ. ವಾಪಸ್ ಹತ್ತುವಾಗ ಯಾವಾಗಲೂ ಕತ್ತಲಾಗಿರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಹೆಡ್‌ಲೈಟ್ ಬೆಳಕೆಲ್ಲ ಎದುರಿನ ಕಣಿವೆಗೆ ಹೋಗುತ್ತದೆ. ನನಗೆ ಬೇಕಾದದ್ದು ಪಕ್ಕದ ಧರೆ, ಚರಂಡಿ. ಅದೇ ಕಾಣುವುದಿಲ್ಲ.

ನಮ್ಮ ಭಾವನ ಹತ್ತಿರ ಟಾಪ್ ಮಾಡೆಲ್ ವೆಂಟೋ ಇದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಎಡಗಡೆ ಫಾಗ್ ಲೈಟ್ ಮಾತ್ರ ತಾನೇ ಹೊತ್ತಿಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಮೆಲ್ಲಗೆ ಆರುತ್ತದೆ. ನೋಡಿದ ದಿನದಿಂದ ನನಗೂ ಅದೇ ಬೇಕು ಅನ್ನಿಸಿದೆ. ನನ್ನ ಗಾಡಿಯಲ್ಲೂ ಫಾಗ್ ಲೈಟ್ ಇದೆ, ಕಂಪ್ಯೂಟರಿನಲ್ಲಿ ಆನ್ ಮಾಡಿದರೆ ಸಾಕು ಅಂತ ಎಲ್ಲರೂ ಹೇಳಿದರು.

ಗೆಳೆಯನ ಓಬಿಡಿ ಇಲೆವೆನ್ ತಂದೆ, ಗಾಡಿಯ ಕಂಪ್ಯೂಟರಿಗೆ ಚುಚ್ಚುವ ಅಡಾಪ್ಟರ್ ಅದು. ಮೊಬೈಲಿಗೆ ಜೋಡಿಸಿ 09 ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಅನ್ನುವ ಭಾಗದ ಒಳಗೆ ಹೋದೆ. ಲಾಂಗ್ ಕೋಡಿಂಗ್‌ನಲ್ಲಿ ಕಾರ್ನರಿಂಗ್ ಲೈಟ್ (ತಿರುವಿಗೆ ಹೊತ್ತುವ ಲೈಟ್) ಅಂತ ಇತ್ತು, ಟಿಕ್ ಮಾಡಿದೆ. ಕೋಡಿಂಗ್ ಅಕ್ಸೆಪ್ಟೆಡ್ ಅಂತ ಬಂತು. ಇಂಡಿಕೇಟರ್ ಹಾಕಿದೆ. ಏನೂ ಇಲ್ಲ. ಫಾಗ್ ಲೈಟ್ ಎರಡೂ ಮಾಮೂಲಿಯಾಗಿ ಉರಿಯುತ್ತವೆ, ಒಂದೊಂದೇ ಉರಿಯುವುದಿಲ್ಲ ಅಷ್ಟೇ.

ಎಲ್ಲಿ ತಪ್ಪಿದೆ?


ಬಿಟ್‌ಬೈಟ್ (ಬೆಂಗಳೂರು), ಶನಿವಾರ ರಾತ್ರಿ 9:48

ಮೊದಲು ಎರಡು ಪ್ರಶ್ನೆ. ಟೆಸ್ಟ್ ಮಾಡುವಾಗ ಹೆಡ್‌ಲೈಟ್ ಲೋ ಬೀಮ್ ಆನ್ ಇತ್ತಾ? ಇಂಜಿನ್ ಓಡುತ್ತಿತ್ತಾ? ಬರೀ ಪಾರ್ಕಿಂಗ್ ಲೈಟ್ ಹಾಕಿಕೊಂಡು ಮನೆ ಮುಂದೆ ಇಂಡಿಕೇಟರ್ ಹಾಕಿದರೆ ಹೊತ್ತುವುದಿಲ್ಲ. ಹಗಲು ಹೊತ್ತು ಲೋ ಬೀಮ್ ಹಾಕದೆ ನೋಡಿ, ಇದು ಕೆಲಸ ಮಾಡಲ್ಲ ಅಂತ ಬಹಳ ಜನ ಮೋಸ ಹೋಗುತ್ತಾರೆ.

ಇದು ಕೆಲಸ ಮಾಡುವ ರೀತಿ ಹೀಗೆ. ಲೋ ಬೀಮ್ ಉರಿಯುತ್ತಿರಬೇಕು. ವೇಗ ಗಂಟೆಗೆ 40 ಕಿ.ಮೀ. ಒಳಗಿರಬೇಕು. ಆಗ ಇಂಡಿಕೇಟರ್ ಹಾಕಿದರೆ ಅಥವಾ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಆ ಬದಿಯ ಫಾಗ್ ಲೈಟಿಗೆ ಕರೆಂಟ್ ಹೋಗುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಹೇಳುವ ಸೆನ್ಸರ್ ಗಾಡಿಯಲ್ಲಿ ಇಲ್ಲದಿದ್ದರೆ ಇಂಡಿಕೇಟರ್ ಒಂದೇ ಗತಿ.

ಕೋಡಿಂಗ್ ಅಂದರೆ ಏನು ಅಂತ ಒಂದು ಮಾತು, ಹೊಸಬರೂ ಓದುತ್ತಿರುತ್ತಾರೆ. ಕಾರು ಕಂಪನಿಯವರು ಒಂದೇ ಬಾಡಿ ಕಂಟ್ರೋಲ್ ಮಾಡ್ಯೂಲನ್ನು ಹತ್ತು ತರಹದ ಗಾಡಿಗೆ ಹಾಕುತ್ತಾರೆ. ಲೈಟ್, ವೈಪರ್ ಎಲ್ಲ ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್ ಅದು, ನಾವು ಅದಕ್ಕೆ ಬಿಸಿಎಂ ಅಂತೀವಿ. ನೀವು ಒಳಗೆ ಹೋದ 09 ಅದೇ. ಈ ಗಾಡಿಗೆ ಸನ್‌ರೂಫ್ ಇದೆಯಾ, ಹಿಂದೆ ವೈಪರ್ ಇದೆಯಾ, ಸ್ಟೀರಿಂಗ್ ಎಡಕ್ಕಾ ಬಲಕ್ಕಾ, ಎಲ್ಲವನ್ನೂ ಫ್ಯಾಕ್ಟರಿಯಲ್ಲಿ ಒಂದು ಉದ್ದ ಸಂಖ್ಯೆಯಾಗಿ ಬರೆದಿಡುತ್ತಾರೆ. ಎಂಟೆಂಟು ಸ್ವಿಚ್ಚಿನ ಸಾಲು ಅಂದುಕೊಳ್ಳಿ. ಒಂದು ಸಾಲಿಗೆ ಬೈಟ್, ಒಂದು ಸ್ವಿಚ್ಚಿಗೆ ಬಿಟ್ ಅಂತಾರೆ. ನಾಲ್ಕು ನಾಲ್ಕು ಸ್ವಿಚ್ಚಿಗೆ ಒಂದು ಅಂಕೆ ಬರೆಯುತ್ತಾರೆ. ಒಂದು ಬೈಟ್‌ನಲ್ಲಿ 08 ಅಂತ ಇದೆ ಅಂದರೆ ಆ ಎಂಟರಲ್ಲಿ ಒಂದು ಸ್ವಿಚ್ ಮಾತ್ರ ಮೇಲೆ, 0000 1000. ಎಡತುದಿಯ ಸ್ವಿಚ್ಚನ್ನೂ ಎತ್ತಿದರೆ 1000 1000, ಅಂದರೆ 88 ಆಗುತ್ತದೆ. ನೀವು ಮಾಡಿದ ಟಿಕ್ ಇಷ್ಟೇ ಕೆಲಸ. ಇದು ಉದಾಹರಣೆ ಮಾತ್ರ, ಯಾರೂ ಹೋಗಿ 88 ಹಾಕಬೇಡಿ!

ಬಿಟ್ ಎತ್ತಿದರೆ ಬಿಸಿಎಂ ತನ್ನ ಎಡಗಡೆ ಫಾಗ್ ಪಿನ್ನಿಗೆ 12 ವೋಲ್ಟ್ ಕೊಡುತ್ತದೆ. ಆ ಪಿನ್ನಿನಿಂದ ಬಲ್ಬಿನವರೆಗೆ ವೈರ್ ಇದೆಯಾ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಮೂರನೇ ಪ್ರಶ್ನೆ. ನಿಮ್ಮ ಗಾಡಿಯಲ್ಲಿ ಫಾಗ್ ಲೈಟ್ ಆನ್ ಮಾಡುವುದು ಹೇಗೆ?


ಘಾಟಿಸವಾರ, ಶನಿವಾರ ರಾತ್ರಿ 10:05

ಲೋ ಬೀಮ್ ಆನ್ ಇತ್ತು, ಇಂಜಿನ್ ಓಡುತ್ತಿತ್ತು. ಫಾಗ್ ಲೈಟಿಗೆ ಸ್ಟೀರಿಂಗ್ ಕೆಳಗೆ ಒಂದು ಸಣ್ಣ ಬಟನ್ ಇದೆ. ಒತ್ತಿದರೆ ಅದರಲ್ಲಿ ಕೆಂಪು ಚುಕ್ಕೆ ಉರಿಯುತ್ತದೆ.


ವೈರಿಂಗ್‌ವಾಲಾ (ಹುಬ್ಬಳ್ಳಿ), ಶನಿವಾರ ರಾತ್ರಿ 10:11

ಸಿಕ್ಕಿತು ನೋಡಿ ಕಳ್ಳ! ಆ ಕೆಂಪು ಚುಕ್ಕೆಯ ಬಟನ್ ಕಂಪನಿಯದ್ದಲ್ಲ ಸರ್.

ಈ ಗಾಡಿಗಳಲ್ಲಿ ಲೈಟ್ ಸ್ವಿಚ್ ಅಂದರೆ ಡ್ಯಾಶ್‌ಬೋರ್ಡಿನ ಮೇಲಿರುವ ದುಂಡನೆಯ ತಿರುಗಣೆ. ಫಾಗ್ ಇರುವ ಗಾಡಿಯಾದರೆ ಲೈಟ್ ಹಾಕಿ ಆ ತಿರುಗಣೆಯನ್ನೇ ಹೊರಕ್ಕೆ ಒಂದು ಕ್ಲಿಕ್ ಎಳೆದರೆ ಮುಂದಿನ ಫಾಗ್, ಇನ್ನೊಂದು ಕ್ಲಿಕ್ ಎಳೆದರೆ ಹಿಂದಿನ ಫಾಗ್. ನಿಮ್ಮದು ಎಳೆದರೆ ಬರುವುದಿಲ್ಲ ಅಲ್ವಾ? ಹಾಗಾದರೆ ಹಿಂದಿನ ಓನರ್ ಹೊರಗೆ ಕೂರಿಸಿದ್ದು.

ಹೊರಗೆ ಕೂರಿಸುವಾಗ ನಾವು ಮಾಡುವುದು ಏನು ಗೊತ್ತಾ? ಬ್ಯಾಟರಿಯಿಂದ ಒಂದು ಫ್ಯೂಸ್ ಹಾಕಿದ ವೈರ್, ಅದು ಒಂದು ರಿಲೇಗೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚಿಗೆ. ರಿಲೇಯಿಂದ ಒಂದೇ ವೈರ್ ಮುಂದಕ್ಕೆ ಬಂದು ಬಂಪರ್ ಹಿಂದೆ ಎರಡಾಗಿ ಒಡೆದು ಎರಡು ಲೈಟಿಗೂ ಹೋಗುತ್ತದೆ. ಬಟನ್ ಆ ರಿಲೇಯನ್ನು ಎಳೆಯುತ್ತದೆ. ಬಿಸಿಎಂಗೂ ಅದಕ್ಕೂ ಸಂಬಂಧವೇ ಇಲ್ಲ. ಹೊತ್ತಿದರೆ ಎರಡೂ, ಇಲ್ಲದಿದ್ದರೆ ಎರಡೂ ಇಲ್ಲ. ನೀವು ಎಷ್ಟು ಕೋಡಿಂಗ್ ಮಾಡಿದರೂ ಅದು ಗೋಡೆಗೆ ಹೇಳಿದ ಹಾಗೆ.

ನಾಳೆ ಬೆಳಕಿನಲ್ಲಿ ಬಾನೆಟ್ ಎತ್ತಿ ನೋಡಿ. ಬ್ಯಾಟರಿ ಪ್ಲಸ್ಸಿನಲ್ಲಿ ಹೆಚ್ಚುವರಿ ಕೆಂಪು ವೈರ್ ಇರುತ್ತದೆ, ಅದರ ಹಿಂದೆಯೇ ಹೋಗಿ.


ಕಡಲಫೋರ್ಡ್ (ಮಂಗಳೂರು), ಶನಿವಾರ ರಾತ್ರಿ 10:30

ಮಾರಾಯ್ರೆ, ಒಂದು ಬಟನ್ ನೋಡಿ ಇಡೀ ಜಾತಕ ಹೇಳಿದಿರಲ್ಲ.

ನನ್ನದು ಇಕೋಸ್ಪೋರ್ಟ್. ಫೋರ್ಡ್‌ನವರು 2021ರಲ್ಲಿ ಇಲ್ಲಿ ಗಾಡಿ ಮಾಡುವುದು ನಿಲ್ಲಿಸುತ್ತೇವೆ ಅಂದ ಮೇಲೆ ನಾವೆಲ್ಲ ನಮ್ಮ ಗಾಡಿಯನ್ನು ನಾವೇ ನೋಡಿಕೊಳ್ಳುವುದು ಕಲಿತೆವು. ನಮಗೆ ಇದೇ ಕೆಲಸಕ್ಕೆ ಫೋರ್‌ಸ್ಕ್ಯಾನ್ ಅನ್ನುವ ಸಾಫ್ಟ್‌ವೇರ್ ಇದೆ. ಅದಕ್ಕೆ ಬೇಕಾದ ಅಡಾಪ್ಟರಿನಲ್ಲಿ ಎಚ್‌ಎಸ್ ಕ್ಯಾನ್, ಎಂಎಸ್ ಕ್ಯಾನ್ ಅಂತ ಮಾಡ್ಯೂಲ್‌ಗಳು ಮಾತಾಡಿಕೊಳ್ಳುವ ಎರಡು ಲೈನಿಗೂ ಸ್ವಿಚ್ ಇರಬೇಕು, ಇಲ್ಲದಿದ್ದರೆ ಅರ್ಧ ಮಾಡ್ಯೂಲ್ ಕಾಣುವುದೇ ಇಲ್ಲ.

ನಾನು ಮೊದಲು ಅಗ್ಗಕ್ಕೆ ಸಿಕ್ಕ ಒಂದು ನಕಲಿ ಅಡಾಪ್ಟರ್ ತಗೊಂಡಿದ್ದೆ. ಬರೆಯುವಾಗ ಮಧ್ಯದಲ್ಲಿ ಬ್ಲೂಟೂತ್ ಕಟ್ಟಾಯಿತು. ಇಂಡಿಕೇಟರ್ ಇಲ್ಲ, ವೈಪರ್ ಇಲ್ಲ, ಮೀಟರಿನಲ್ಲಿ ದೀಪಾವಳಿ. ಭಾನುವಾರ ಸಂಜೆ ಬೇರೆ. ಬಚಾವಾದದ್ದು ಯಾವುದರಿಂದ ಗೊತ್ತಾ? ಶುರು ಮಾಡುವ ಮೊದಲು ಹಳೇ ಸಂಖ್ಯೆಗಳ ಫೋಟೋ ತೆಗೆದು ಇಟ್ಟಿದ್ದೆ. ಮರುದಿನ ಗೆಳೆಯನ ಒಳ್ಳೆ ಅಡಾಪ್ಟರ್, ಯುಎಸ್‌ಬಿ ವೈರಿನದ್ದು, ತಂದು ಒಂದೊಂದೇ ಸಾಲು ವಾಪಸ್ ತುಂಬಿಸಿದೆ. ಎದ್ದು ಕೂತಿತು.


ಬಿಟ್‌ಬೈಟ್, ಶನಿವಾರ ರಾತ್ರಿ 10:52

ಕಡಲಫೋರ್ಡ್ ಹೇಳಿದ್ದನ್ನು ಗೋಡೆಗೆ ಅಂಟಿಸಿಕೊಳ್ಳಿ. ಮೊದಲು ಪೂರ್ತಿ ಸ್ಕ್ಯಾನ್ ಮಾಡಿ ಸೇವ್ ಮಾಡಬೇಕು. ಆಮೇಲೆ ಮುಟ್ಟುವ ಮಾಡ್ಯೂಲಿನ ಹಳೇ ಕೋಡಿಂಗ್ ಫೋಟೋ. ಒಂದು ಸಲಕ್ಕೆ ಒಂದೇ ಬದಲಾವಣೆ, ಟೆಸ್ಟ್, ಆಮೇಲೆ ಮುಂದಿನದು. ಐದು ಟಿಕ್ ಒಟ್ಟಿಗೆ ಹಾಕಿ ಏನೋ ಎಡವಟ್ಟಾದರೆ ಯಾವುದರಿಂದ ಅಂತ ಹುಡುಕುವುದೇ ಒಂದು ಕೆಲಸ. ಬ್ಯಾಟರಿ ವೀಕ್ ಇದ್ದರೆ ಕೈ ಹಾಕಲೇಬೇಡಿ. ಇಗ್ನಿಷನ್ ಆನ್ ಇಟ್ಟು ಅರ್ಧ ಗಂಟೆ ಮೆನು ನೋಡುತ್ತಾ ಕೂತರೆ ಒಳ್ಳೆ ಬ್ಯಾಟರಿಯೂ ಇಳಿಯುತ್ತದೆ.

ಲ್ಯಾಪ್‌ಟಾಪ್ ಇರುವವರಿಗೆ ಇದೇ ಕೋಡಿಂಗ್ ಮಾಡುವ ವಿಸಿಡಿಎಸ್ ಕೇಬಲ್ ಇನ್ನೂ ಒಳ್ಳೆಯದು. ದುಬಾರಿ, ಆದರೆ ಯಾವ ಬಿಟ್ ಏನು ಅಂತ ಮೌಸ್ ಇಟ್ಟರೆ ವಿವರ ಕಾಣುತ್ತದೆ. ನಾಲ್ಕು ಜನ ಸೇರಿ ತಗೊಳ್ಳಬಹುದು, ಆದರೆ ಅದರ ಹವ್ಯಾಸಿ ಆವೃತ್ತಿಗೆ 3 ಗಾಡಿ ಇಲ್ಲವೇ 10 ಗಾಡಿ ಅಂತ ಮಿತಿ ಇದೆ, ಆಮೇಲೆ ಜಗಳ ಬೇಡ.


ಸುಮ್ನೆಓದುವವಳು (ಶಿವಮೊಗ್ಗ), ಭಾನುವಾರ ಬೆಳಗ್ಗೆ 7:15

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಕೇಳೇ ಬಿಡುತ್ತೇನೆ. ನನ್ನದು ಮಾರುತಿ. ಆಗುಂಬೆ ಘಾಟಿಯಲ್ಲಿ ನನಗೂ ಇದೇ ತೊಂದರೆ. ನಮ್ಮಂಥವರಿಗೆ ಈ ಕೋಡಿಂಗ್ ಎಲ್ಲ ಇಲ್ವಾ? ಇಲ್ಲಿನ ಒಬ್ಬ ಮೆಕ್ಯಾನಿಕ್, ಇಂಡಿಕೇಟರ್ ವೈರಿನಿಂದ ಫಾಗ್ ಲೈಟಿಗೆ ಒಂದು ಟ್ಯಾಪ್ ಹೊಡೆದರೆ ಆಯಿತು, ಅರ್ಧ ಗಂಟೆ ಕೆಲಸ ಅಂದ. ಮಾಡಿಸಲಾ?


ವೈರಿಂಗ್‌ವಾಲಾ, ಭಾನುವಾರ ಬೆಳಗ್ಗೆ 7:40

ಅಕ್ಕ, ದಯವಿಟ್ಟು ಬೇಡ.

ಒಂದು, ಇಂಡಿಕೇಟರ್ ವೈರಿನಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಫಾಗ್ ಲೈಟೂ ಟಿಕ್ ಟಿಕ್ ಅಂತ ಮಿನುಗುತ್ತದೆ. ಘಾಟಿಯಲ್ಲಿ ಎದುರಿನವನಿಗೆ ಆಂಬುಲೆನ್ಸ್ ಬಂದ ಹಾಗೆ ಕಾಣುತ್ತದೆ.

ಎರಡು, ಲೆಕ್ಕ ನೋಡಿ. ಇಂಡಿಕೇಟರ್ ಬಲ್ಬ್ 21 ವ್ಯಾಟ್, 12 ವೋಲ್ಟಿಗೆ ಎರಡು ಆಂಪ್ ಕೂಡ ಇಲ್ಲ. ಆ ವೈರ್ ಅಷ್ಟಕ್ಕೇ ಸಣ್ಣದಾಗಿ ಮಾಡಿದ್ದು. 55 ವ್ಯಾಟ್ ಫಾಗ್ ಬಲ್ಬ್ ಹೆಚ್ಚುಕಡಿಮೆ ನಾಲ್ಕೂವರೆ ಆಂಪ್ ಎಳೆಯುತ್ತದೆ. ಎರಡೂ ಸೇರಿದರೆ ಫ್ಯೂಸ್ ಹೋದರೆ ಪುಣ್ಯ, ಫ್ಯೂಸ್ ಹೋಗದೆ ವೈರ್ ಬಿಸಿಯಾದರೆ ಕಷ್ಟ.

ಮಾಡಲೇಬೇಕು ಅಂದರೆ ಎಡಕ್ಕೊಂದು ಬಲಕ್ಕೊಂದು ಬೇರೆ ರಿಲೇ ಬೇಕು. ಇಂಡಿಕೇಟರ್ ನಿಂತ ಮೇಲೂ ಎರಡು ಮೂರು ಸೆಕೆಂಡ್ ಹಿಡಿದಿಡುವ ಟೈಮರ್ ರಿಲೇ. ಅದರ ಮೇಲೆ ಲೋ ಬೀಮ್ ಇದ್ದರೆ ಮಾತ್ರ ಕೆಲಸ ಮಾಡುವ ಹಾಗೆ ಇನ್ನೊಂದು ಜೋಡಣೆ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಅಲ್ಲ ಅದು. ವಾರಂಟಿ ಇರುವ ಗಾಡಿಯಾದರೆ ಮುಟ್ಟಿಸಲೇಬೇಡಿ.


ಸುಮ್ನೆಓದುವವಳು, ಭಾನುವಾರ ಬೆಳಗ್ಗೆ 7:52

ವಾರಂಟಿ ಇನ್ನೂ ಒಂದು ವರ್ಷ ಇದೆ. ಬಿಟ್ಟೆ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ನೋಡುತ್ತೇನೆ, ಮೊದಲಿನ ಹಾಗೇ.


ಹೊಸಗಾಡಿ24 (ತುಮಕೂರು), ಭಾನುವಾರ ಬೆಳಗ್ಗೆ 10:20

ಗುರುಗಳೇ, ಕಾರ್ನರಿಂಗ್ ಎಲ್ಲ ಇರಲಿ. 80 ದಾಟಿದರೆ ಬೀಪ್ ಬರುತ್ತಲ್ಲ, ಅದನ್ನು ತೆಗೆಯುವ ಬಿಟ್ ಯಾವುದು? ಸೀಟ್ ಬೆಲ್ಟ್ ಬೀಪ್ ಕೂಡ. ಹಿಂದೆ ಬ್ಯಾಗ್ ಇಟ್ಟರೂ ಕೂಗುತ್ತೆ, ತಲೆ ಚಿಟ್ಟು ಹಿಡಿದು ಹೋಗಿದೆ.


ಬಿಟ್‌ಬೈಟ್, ಭಾನುವಾರ ಬೆಳಗ್ಗೆ 10:41

ಬಿಟ್ ನಂಬರ್ ಹೇಳುವುದಿಲ್ಲ. ಬೇಜಾರಾಗಬೇಡಿ.

2019ರ ಜುಲೈ 1ರಿಂದ ಇಲ್ಲಿ ಮಾರುವ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. 80ಕ್ಕೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್. ಕಾನೂನು ಕೇಳಿದ್ದನ್ನು ತೆಗೆಯುವುದೇ ಬೇರೆ, ಟಾಪ್ ಮಾಡೆಲಿನಲ್ಲಿ ಇರುವುದನ್ನು ನಮ್ಮದರಲ್ಲಿ ಎಬ್ಬಿಸುವುದೇ ಬೇರೆ. ಬೆಲ್ಟ್ ಬೀಪ್ ತೆಗೆಸಿದವರು ಮೊದಲ ವಾರ ಬೆಲ್ಟ್ ಹಾಕುತ್ತಾರೆ, ಎರಡನೇ ವಾರ ಮರೆಯುತ್ತಾರೆ. ನಮ್ಮ ಆಫೀಸಿನಲ್ಲೇ ಇಬ್ಬರನ್ನು ನೋಡಿದ್ದೇನೆ.

ಬ್ಯಾಗ್ ಇಟ್ಟಾಗ ಕೂಗುತ್ತದೆ ಅಂದರೆ ಬ್ಯಾಗ್ ಕೆಳಗಿಡಿ ಸ್ವಾಮಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯನ್ನು ಬದಲಾಯಿಸುವ ಬಗ್ಗೆಯೇ ಇದೆ. ಕಂಪನಿ ಕೊಟ್ಟ ಮೂಲ ರೂಪದಿಂದ ಗಾಡಿ ಬದಲಾಗಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋಡಿಂಗ್ ಮಾಡುವವರು ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಮಾಡಬೇಕು. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಹುಡುಕುವುದೇ ಇಂಥದ್ದನ್ನು.


ಹೊಸಗಾಡಿ24, ಭಾನುವಾರ ಬೆಳಗ್ಗೆ 10:44

ಸರಿ ಸರ್. ಹಾಗಾದರೆ ಮೀಟರ್ ಮುಳ್ಳು ಸ್ಟಾರ್ಟ್ ಮಾಡಿದಾಗ ಒಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತಲ್ಲ, ಅದಾದರೂ?


ಬಿಟ್‌ಬೈಟ್, ಭಾನುವಾರ ಬೆಳಗ್ಗೆ 10:50

ಅದು ಮಾಡಿ! 17 ಇನ್‌ಸ್ಟ್ರುಮೆಂಟ್ಸ್ ಒಳಗೆ ನೋಡಿ, ಎಲ್ಲ ಮೀಟರಿಗೂ ಬರುವುದಿಲ್ಲ. ಯಾರಿಗೂ ತೊಂದರೆ ಇಲ್ಲ, ಉಪಯೋಗವೂ ಇಲ್ಲ. ನನ್ನದರಲ್ಲಿ ಮಾಡಿಕೊಂಡಿದ್ದೇನೆ.


ಮೈನ್‌ದಂಡೆ (ಫ್ರಾಂಕ್‌ಫರ್ಟ್), ಭಾನುವಾರ ಮಧ್ಯಾಹ್ನ 1:30

ನಾನು ಮೂಲತಃ ಹಾಸನದವನು, ಇಲ್ಲಿ ಗಾಲ್ಫ್ 7 ಓಡಿಸುತ್ತೇನೆ. ಮೇಲಿನ 40 ಕಿ.ಮೀ. ಮಿತಿ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಯುರೋಪಿನ ಲೈಟ್ ನಿಯಮದಲ್ಲೇ ಇದೆ. ಕಾರ್ನರಿಂಗ್ ಲ್ಯಾಂಪ್ 40ರ ಮೇಲೆ ಉರಿಯಬಾರದು.

ಒಂದು ಪತ್ತೇದಾರಿ ಕೆಲಸ ಹೇಳಿಕೊಡುತ್ತೇನೆ, ಟೂಲ್ ಬೇಡ. ಫಾಗ್ ಲೈಟಿನ ಗಾಜಿನ ಮೇಲೆ ಅಚ್ಚು ಹಾಕಿದ ಅಕ್ಷರಗಳನ್ನು ಟಾರ್ಚ್ ಹಿಡಿದು ಓದಿ. ಇಂಗ್ಲಿಷಿನ ಬಿ ಅಥವಾ ಎಫ್3 ಇದ್ದರೆ ಅದು ಫಾಗ್ ಲೈಟ್ ಅಂತ ಒಪ್ಪಿಗೆ ಪಡೆದದ್ದು. ಜೊತೆಗೆ ಕೆ ಅಕ್ಷರ ಇದ್ದರೆ ಕಾರ್ನರಿಂಗ್ ಲ್ಯಾಂಪ್ ಅಂತಲೂ ಒಪ್ಪಿಗೆ ಇದೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ಗಾಡಿಯ ತಪಾಸಣೆ ಮಾಡಿಸಬೇಕು. ಕೆ ಇಲ್ಲದ ಲೈಟನ್ನು ತಿರುವಿಗೆ ಹೊತ್ತಿಸಿಕೊಂಡು ಹೋಗಿ ಅವರ ಕಣ್ಣಿಗೆ ಬಿದ್ದರೆ ಕಷ್ಟ. ನನ್ನದರಲ್ಲಿ ಕೆ ಇತ್ತು, ಧೈರ್ಯವಾಗಿ ಮಾಡಿದೆ.

ಇಲ್ಲಿ ಮಂಜಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಿಂದಿನ ಫಾಗ್ ಲೈಟ್ ಹಾಕಬೇಕಾದರೆ ಮಂಜಿನಿಂದ 50 ಮೀಟರಿಗಿಂತ ಕಡಿಮೆ ಕಾಣುತ್ತಿರಬೇಕು. ಆಗ ವೇಗವೂ 50ರ ಒಳಗೆ. 50 ಮೀಟರ್ ಅಂತ ಹೇಗೆ ಗೊತ್ತಾಗಬೇಕು ಅಂದರೆ, ರಸ್ತೆ ಬದಿಯ ಬಿಳಿ ಗೂಟಗಳನ್ನು 50 ಮೀಟರಿಗೆ ಒಂದರಂತೆ ನೆಟ್ಟಿದ್ದಾರೆ. ಮುಂದಿನ ಗೂಟ ಕಾಣದಿದ್ದರೆ ಸ್ವಿಚ್ ಎಳೆಯಿರಿ. ಕೊಟ್ಟಿಗೆಹಾರದಲ್ಲಿ ಇಂಥದ್ದು ಇದ್ದರೆ ಎಷ್ಟು ಚೆನ್ನ ಅಂತ ಪ್ರತಿ ಚಳಿಗಾಲದಲ್ಲೂ ಅನ್ನಿಸುತ್ತದೆ.

ಹೊಸ ಗಾಡಿಯವರಿಗೆ ಕೆಟ್ಟ ಸುದ್ದಿ. ಗಾಲ್ಫ್ 8ರಿಂದ ಎಸ್‌ಎಫ್‌ಡಿ ಅಂತ ಬೀಗ ಬಂದಿದೆ. ಕಂಪನಿಯ ಸರ್ವರಿನಿಂದ ಟೋಕನ್ ಬಂದರೆ ಮಾತ್ರ ಮಾಡ್ಯೂಲ್ ಬಾಗಿಲು ತೆರೆಯುತ್ತದೆ, ಅದೂ 90 ನಿಮಿಷ. ನಮ್ಮ ಗಾಡಿಯ ಕೀಲಿ ಅವರ ಹತ್ತಿರ! 2022ರಲ್ಲಿ ಬಿಎಂಡಬ್ಲ್ಯೂನವರು ಕೆಲವು ದೇಶಗಳಲ್ಲಿ ಸೀಟ್ ಬಿಸಿ ಮಾಡುವುದಕ್ಕೂ ತಿಂಗಳ ಬಾಡಿಗೆ ಇಟ್ಟರಲ್ಲ, ನೆನಪಿದೆಯಾ? ಜನ ಬೈದು ಮುಂದಿನ ವರ್ಷ ಕೈಬಿಟ್ಟರು. ಸೀಟಿನೊಳಗೆ ತಂತಿ ಹಾಕಿ ಮಾರಿ ಆಮೇಲೆ ಬಾಡಿಗೆ ಕೇಳುವುದು ನನಗಂತೂ ಒಪ್ಪಿಗೆಯಾಗಲಿಲ್ಲ.


ಕಡಲಫೋರ್ಡ್, ಭಾನುವಾರ ಮಧ್ಯಾಹ್ನ 1:55

ನಮಗೆ ಮಂಗಳೂರಿನಲ್ಲಿ ಸೀಟ್ ತಂಪು ಮಾಡುವುದಕ್ಕೆ ಬಾಡಿಗೆ ಕೇಳಿದರೆ ಕೊಟ್ಟೇವು.


ಘಾಟಿಸವಾರ, ಭಾನುವಾರ ಸಂಜೆ 6:10

ವೈರಿಂಗ್‌ವಾಲಾ ಅಣ್ಣ, ನೀವು ಹೇಳಿದ ಹಾಗೇ ಇದೆ. ಬ್ಯಾಟರಿ ಪ್ಲಸ್ಸಿನಿಂದ ಕೆಂಪು ವೈರ್, ಇನ್ಸುಲೇಷನ್ ಟೇಪ್ ಸುತ್ತಿದ ಫ್ಯೂಸ್, ಫೆಂಡರ್ ಪಕ್ಕ ಕಟ್ಟಿದ ರಿಲೇ. ಟೇಪ್ ಬಿಚ್ಚಿದರೆ ಕೈಗೆ ಅಂಟು ಅಂಟು. ತಾಮ್ರ ಹಸಿರು ತಿರುಗಿದೆ, ನಮ್ಮ ಮಳೆಗೆ ಇನ್ನೇನಾಗುತ್ತದೆ.

ಗಾಜಿನ ಮೇಲೂ ನೋಡಿದೆ. ಬಿ ಇದೆ, ಕೆ ಇದೆ! ಅಂದರೆ ಲೈಟ್ ಮಾತ್ರ ಕಂಪನಿಯದ್ದೇ ಹಾಕಿಸಿದ್ದಾರೆ, ವೈರಿಂಗ್ ಅಗ್ಗದ್ದು. ಈಗ ಏನು ಮಾಡಲಿ?


ವೈರಿಂಗ್‌ವಾಲಾ, ಭಾನುವಾರ ಸಂಜೆ 6:35

ಅರ್ಧ ಗೆದ್ದಿರಿ. ಇನ್ನು ಬಿಸಿಎಂನಲ್ಲಿ ಫಾಗ್ ಪಿನ್ ಜೀವಂತ ಇದೆಯಾ ನೋಡಬೇಕು. ಕೆಲವು ಕೆಳಗಿನ ವೇರಿಯಂಟಿನ ಬಿಸಿಎಂನಲ್ಲಿ ಆ ಔಟ್‌ಪುಟ್ಟೇ ಇರುವುದಿಲ್ಲ. ನಿಮ್ಮ ವರ್ಷದ ವೈರಿಂಗ್ ಡಯಾಗ್ರಾಂ ಹಿಡಿದು ಪಿನ್ ಹುಡುಕಿ. ಅಂದಾಜಿನಲ್ಲಿ ಚುಚ್ಚಬೇಡಿ.

ಮಲ್ಟಿಮೀಟರ್ ಬೇಡ, ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ತಗೊಳ್ಳಿ. ಬಿಸಿಎಂ ಬಲ್ಬ್ ಇದೆಯಾ ಅಂತ ನೋಡುತ್ತಿರುತ್ತದೆ. ಲೋಡ್ ಇಲ್ಲದಿದ್ದರೆ ಬಲ್ಬ್ ಹೋಗಿದೆ ಅಂದುಕೊಂಡು ತಪ್ಪು ತೋರಿಸುತ್ತದೆ, ನಿಮಗೆ ಮೀಟರಿನಲ್ಲಿ ಸಿಗುವುದು ಸುಳ್ಳು ಲೆಕ್ಕ. ಟೆಸ್ಟ್ ಲ್ಯಾಂಪಿನ ಒಂದು ಕಾಲು ಗಾಡಿಯ ಲೋಹದ ಮೈಗೆ (ಅರ್ಥಿಂಗ್), ಇನ್ನೊಂದು ಪಿನ್ನಿಗೆ. ಲೋ ಬೀಮ್ ಹಾಕಿ, ಎಡ ಇಂಡಿಕೇಟರ್ ಹಾಕಿ. ಉರಿದರೆ ಹಬ್ಬ.

ಉರಿದರೆ ಹಳೇ ವೈರ್ ಪೂರ್ತಿ ಕಿತ್ತು ಹಾಕಿಸಿ. ಬಿಸಿಎಂನಿಂದ ಎಡಕ್ಕೊಂದು ಬಲಕ್ಕೊಂದು ಬೇರೆ ವೈರ್, ಹೊರಗೆ ಸುಕ್ಕು ಪೈಪ್. ಟೇಪ್ ಬೇಡ. ತಿರುಗಣೆ ಸ್ವಿಚ್ಚೂ ಫಾಗ್ ಇರುವುದನ್ನೇ ಹಾಕಿಸಿ, ಆ ಕೆಂಪು ಚುಕ್ಕೆ ತೆಗೆಸಿ.


ಘಾಟಿಸವಾರ, ಮುಂದಿನ ಶನಿವಾರ ರಾತ್ರಿ 8:40

ಒಂದು ವಾರದ ವರದಿ.

ಚಿಕ್ಕಮಗಳೂರಿನಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರು. ನಾನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ ಡಯಾಗ್ರಾಂ ನೋಡಿ ಕನ್ನಡಕ ಹಣೆಗೆ ಏರಿಸಿ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಡ್ಯಾಶ್ ಕೆಳಗೆ ಮಲಗಿ ಬಿಸಿಎಂಗೆ ವೈರ್ ಸೇರುವ ಕಪ್ಲರ್ ಬಿಚ್ಚಿದರು. ಎರಡು ಪಿನ್ನಿನ ಜಾಗ ಖಾಲಿ, ಒಳಗೆ ಬಿಸಿಎಂ ಕಡೆ ಮಾತ್ರ ಹೊಳೆಯುವ ಪಿನ್ ಇದೆ. ಟೆಸ್ಟ್ ಲ್ಯಾಂಪ್ ಹಿಡಿದರು. "ಇಂಡಿಕೇಟರ್ ಹಾಕಿ" ಅಂದರು. ಹಾಕಿದೆ. ಲ್ಯಾಂಪ್ ಮೆಲ್ಲಗೆ ಹೊತ್ತಿಕೊಂಡಿತು. ನನ್ನ ಕೋಡಿಂಗ್ ವಾರದಿಂದ ಕೆಲಸ ಮಾಡುತ್ತಲೇ ಇತ್ತು ಸ್ವಾಮಿ, ಖಾಲಿ ಪಿನ್ನಿಗೆ ಕರೆಂಟ್ ಕೊಟ್ಟುಕೊಂಡು!

ವೈರ್ ಎಳೆದು ಸ್ವಿಚ್ ಬದಲಾಯಿಸುವುದಕ್ಕೆ ಇಡೀ ದಿನ ಹಿಡಿಯಿತು. ಬಂಪರ್ ಬಿಚ್ಚಬೇಕಾಯಿತು. ಸಂಜೆ ಎಲ್ಲ ಜೋಡಿಸಿ ಹೊರಗೆ ತಂದರೆ ಹೊಸ ಕಾಟ. ಸ್ವಿಚ್ ಆಫ್ ಇದ್ದರೂ ಫಾಗ್ ಲೈಟ್ ಎರಡೂ ಮಿಣುಕ್ ಮಿಣುಕ್ ಅಂತ ಮಿಂಚುತ್ತಿವೆ. ಮೀಟರಿನಲ್ಲಿ ಬಲ್ಬ್ ಹೋಗಿದೆ ಅನ್ನುವ ಚಿಹ್ನೆ. ಒಳಗಿರುವುದು ಹಳೇ ಓನರ್ ಹಾಕಿಸಿದ ಎಲ್‌ಇಡಿ ಬಲ್ಬ್. ಅದೇ ಕಾರಣನಾ?


ಬಿಟ್‌ಬೈಟ್, ಶನಿವಾರ ರಾತ್ರಿ 9:02

ಅದೇ. ಲೈಟ್ ಆಫ್ ಇದ್ದಾಗಲೂ ಬಿಸಿಎಂ ಆಗಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕರೆಂಟ್ ಕಳಿಸಿ ಬಲ್ಬ್ ಸರಿ ಇದೆಯಾ ಅಂತ ತಟ್ಟಿ ನೋಡುತ್ತದೆ. ಇದಕ್ಕೆ ಕೋಲ್ಡ್ ಡಯಾಗ್ನೋಸಿಸ್ ಅಂತಾರೆ. ಹ್ಯಾಲೊಜೆನ್ ತಂತಿ ಅಷ್ಟು ಚೂರು ಕರೆಂಟಿಗೆ ಬಿಸಿಯಾಗುವುದಿಲ್ಲ, ಎಲ್‌ಇಡಿ ಅಷ್ಟಕ್ಕೇ ಮಿಂಚುತ್ತದೆ. ಆನ್ ಇದ್ದಾಗ ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದರಿಂದ ಬಲ್ಬ್ ಸುಟ್ಟಿದೆ ಅಂತ ತಿಳಿದುಕೊಳ್ಳುತ್ತದೆ.

ಆ ಪರೀಕ್ಷೆಯನ್ನೂ ಕೋಡಿಂಗ್‌ನಲ್ಲಿ ಆಫ್ ಮಾಡಬಹುದು. ಆದರೆ ನಾನಾದರೆ ಹ್ಯಾಲೊಜೆನ್ ವಾಪಸ್ ಹಾಕುತ್ತೇನೆ. ಆ ಗಾಜಿನ ಕೆ ಗುರುತು ಹ್ಯಾಲೊಜೆನ್ ಬಲ್ಬ್ ಲೆಕ್ಕದಲ್ಲಿ ಕೊಟ್ಟದ್ದು. ಫಾಗ್ ಲೈಟಿನ ಬೆಳಕು ಮೇಲುಗಡೆ ಕತ್ತರಿಸಿದ ಹಾಗೆ ನಿಲ್ಲಬೇಕು, ಕೆಳಗೆ ಅಗಲವಾಗಿ ಹರಡಬೇಕು. ಸಿಕ್ಕ ಎಲ್‌ಇಡಿ ಹಾಕಿದರೆ ಬೆಳಕು ಮೇಲಕ್ಕೂ ಚೆಲ್ಲುತ್ತದೆ. ಮಂಜಿನಲ್ಲಿ ಅದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಮತ್ತೆ, ಸರ್ವಿಸಿಗೆ ಬಿಟ್ಟಾಗ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಕೋಡಿಂಗ್ ಅಳಿಸಿ ಫ್ಯಾಕ್ಟರಿಯದ್ದು ಬಂದು ಕೂರಬಹುದು. ಫೋಟೋ ಕಳೆದುಕೊಳ್ಳಬೇಡಿ.


ಘಾಟಿಸವಾರ, ಮಂಗಳವಾರ ರಾತ್ರಿ 11:25

ಹ್ಯಾಲೊಜೆನ್ ಹಾಕಿದೆ. ಮಿಣುಕು ಹೋಯಿತು, ಚಿಹ್ನೆ ಹೋಯಿತು. ಇವತ್ತು ಅಮ್ಮನನ್ನು ಕರೆದುಕೊಂಡು ಹೋಗಿ ಈಗಷ್ಟೇ ಮನೆ ಸೇರಿದೆ.

ಚಾರ್ಮಾಡಿ ಕೆಳಗೆ ಮಳೆ, ಅರ್ಧ ಹತ್ತಿದ ಮೇಲೆ ಮಂಜು. ಸೆಕೆಂಡ್ ಗೇರಿನಲ್ಲಿ 20ರ ವೇಗ. ಎಡಕ್ಕೆ ತಿರುಗುವ ಹೇರ್‌ಪಿನ್ ಬಂತು, ಇಂಡಿಕೇಟರ್ ಹಾಕಿದೆ. ಎಡಗಡೆ ಹಳದಿ ಬೆಳಕು ಮೆಲ್ಲಗೆ ಬಿಚ್ಚಿಕೊಂಡಿತು. ಚರಂಡಿಯ ಅಂಚು, ಅದರಲ್ಲಿ ಹರಿಯುವ ಕೆಂಪು ನೀರು, ಧರೆಯಿಂದ ಬಿದ್ದ ಎರಡು ಕಲ್ಲು, ಎಲ್ಲ ಕಾಣಿಸಿತು. ಆ ಕಲ್ಲು ಮೊದಲಾಗಿದ್ದರೆ ಟೈರಿಗೆ ಸಿಕ್ಕ ಮೇಲೇ ಗೊತ್ತಾಗುತ್ತಿತ್ತು. ಅಮ್ಮ "ಲೈಟ್ ಹೊಸತಾ?" ಅಂದರು.

ಆದರೆ ಒಂದು ಸಮಸ್ಯೆ ಇದೆ, ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಗಾಡಿಯಲ್ಲಿ ಸ್ಟೀರಿಂಗ್ ಸೆನ್ಸರ್ ಇಲ್ಲ, ಇಂಡಿಕೇಟರಿಗೆ ಮಾತ್ರ ಹೊತ್ತುತ್ತದೆ. ಮುಂದಿನ ತಿರುವು ಬಲಕ್ಕೆ. ಅಲ್ಲೂ ಬಲ ಇಂಡಿಕೇಟರ್ ಹಾಕಿದೆ. ಹಿಂದೆ ಬರುತ್ತಿದ್ದ ಬೈಕಿನವನು ಓವರ್‌ಟೇಕ್ ಮಾಡು ಅಂತ ನಾನು ಹೇಳಿದೆ ಅಂದುಕೊಂಡು ನುಗ್ಗಿಬಿಟ್ಟ. ಎದುರಿನಿಂದ ಲಾರಿ ಬಂದಿದ್ದರೆ ಕಥೆ ಮುಗಿಯುತ್ತಿತ್ತು. ನನ್ನ ಎದೆ ಹೊಡೆದುಕೊಂಡದ್ದು ಇನ್ನೂ ನಿಂತಿಲ್ಲ.


ಕಡಲಫೋರ್ಡ್, ಮಂಗಳವಾರ ರಾತ್ರಿ 11:40

ಅಯ್ಯೋ ದೇವರೇ. ಹೌದು ಮಾರಾಯ್ರೆ, ಲಾರಿಯವರು ಬಲಕ್ಕೆ ಇಂಡಿಕೇಟರ್ ಹಾಕಿ ದಾರಿ ಬಿಡುವುದು ನೋಡಿ ನೋಡಿ ನಮಗೆಲ್ಲ ಅದೇ ಅಭ್ಯಾಸ. ಜರ್ಮನಿಯಲ್ಲಿ ಮಾಡಿದ ಸೌಲಭ್ಯಕ್ಕೆ ನಮ್ಮ ಘಾಟಿ ಭಾಷೆ ಎಲ್ಲಿ ಗೊತ್ತಿರಬೇಕು.


ಬಿಟ್‌ಬೈಟ್, ಬುಧವಾರ ಬೆಳಗ್ಗೆ 8:05

ಇದು ನನಗೂ ಹೊಳೆದಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದೆಲ್ಲ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ.

ನನ್ನ ಸಲಹೆ, ಬಲ ತಿರುವಿಗೆ ಇಂಡಿಕೇಟರ್ ಬೇಡ. ನಾವು ಎಡಗಡೆ ಓಡಿಸುವವರು, ಎಡ ಹೇರ್‌ಪಿನ್ನೇ ನಮಗೆ ಇಕ್ಕಟ್ಟು, ಧರೆ ಚರಂಡಿ ಇರುವುದೂ ಆ ಕಡೆಗೇ. ಬಲ ತಿರುವಿನಲ್ಲಿ ರಸ್ತೆಯ ಹೊರ ಅಂಚಿನಲ್ಲಿ ಹೋಗುತ್ತೀರಿ, ಹೆಡ್‌ಲೈಟಿಗೇ ಜಾಸ್ತಿ ಕಾಣುತ್ತದೆ. ಅಲ್ಲಿಗೂ ಬೇಕು ಅನ್ನಿಸಿದರೆ ತಿರುಗಣೆ ಎಳೆದು ಎರಡೂ ಫಾಗ್ ಹಾಕಿಕೊಳ್ಳಿ.


ಘಾಟಿಸವಾರ, ಬುಧವಾರ ಬೆಳಗ್ಗೆ 8:30

ಹಾಗೇ ಮಾಡುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್. ಈ ಕಡೆ ಬಂದರೆ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ನನ್ನ ಲೆಕ್ಕ.


ವೈರಿಂಗ್‌ವಾಲಾ, ಬುಧವಾರ ಬೆಳಗ್ಗೆ 8:34

ದೋಸೆಗೆ ಬರುತ್ತೇನೆ. ಆ ಹಳೇ ರಿಲೇ ಬಿಸಾಡಿಲ್ಲ ತಾನೇ? ಒಳ್ಳೆಯದಿದ್ದರೆ ಹಾರ್ನಿಗೆ ಆಗುತ್ತದೆ, ಎತ್ತಿಡಿ.